ಕೆರೆಯಂಚಿನಲ್ಲಿ ತೆಪ್ಪ ಇಳಿಸುವ ತಾಣ: ಸ್ಥಳದ ಆಯ್ಕೆ ಮತ್ತು ನಿರ್ಮಾಣ

ಕೆರೆಗಳಲ್ಲಿ ಮೀನು ಸಾಕಣೆ ಕೈಗೊಂಡಿರುವ ರೈತರು ಬಲೆ ಹಾಕಲು, ಮೀನು ಹಿಡಿದು ತರಲು ತೆಪ್ಪ ಅಥವಾ ಹರಿಗೋಲನ್ನು ಬಳಸುತ್ತಾರೆ. ಆದರೆ ಅದನ್ನು ನೀರಿಗಿಳಿಸುವ ಜಾಗದ ಬಗ್ಗೆ ಯೋಚಿಸುವವರು ವಿರಳ. ಹತ್ತಿರವೆಂಬ ಕಾರಣಕ್ಕೆ ಏರಿಯ ಒಳಮೈಯ ಕಲ್ಲುಗಳನ್ನು ಸರಿಸಿ ದಾರಿ ಮಾಡಿಕೊಳ್ಳುವುದುಂಟು. ಇದು ಸರ್ವಥಾ ಸಲ್ಲದು. ಕಲ್ಲು ಸರಿದೆಡೆ ಅಲೆಗಳು ಮಣ್ಣನ್ನು ಕೊರೆಯುತ್ತವೆ. ಕೆರೆ ತುಂಬಿದಾಗ ಏರಿ ಅಲ್ಲಿಂದಲೇ ಕುಸಿದರೆ ಅಚ್ಚುಕಟ್ಟಿನ ಬೆಳೆಯೆಲ್ಲ ಕೊಚ್ಚಿಹೋಗುತ್ತದೆ. ತೂಬು, ಕೋಡಿಗಳ ಬಳಿ ನೀರಿನ ಸೆಳೆತವಿರುವುದರಿಂದ ಅವೂ ವರ್ಜ್ಯ.

ಸ್ಥಳವನ್ನು ಬೇಸಿಗೆಯಲ್ಲಿಯೇ ಗುರುತಿಸಬೇಕು. ಹೂಳೆತ್ತಿದ ಗುಂಡಿಗಳು ಕಾಣುವುದು ಆಗ ಮಾತ್ರ. ತುಂಬಿದ ಕೆರೆಯಲ್ಲಿ ಮೊಣಕಾಲುದ್ದದ ನೀರಿನಲ್ಲಿ ತೆಪ್ಪ ತಳ್ಳುತ್ತಿರುವವರು ಮುಂದಿನ ಹೆಜ್ಜೆಗೇ ಆಳೆತ್ತರದ ಗುಂಡಿಗೆ ಬೀಳಬಹುದು. ಹಳ್ಳ ಕೆರೆಗೆ ಸೇರುವ ಜಾಗದಲ್ಲಿ ಕೆಸರು ಹೆಚ್ಚು. ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುವುದರಿಂದ ಅಲೆಗಳು ಈಶಾನ್ಯ ದಡಕ್ಕೆ ಬಡಿಯುತ್ತವೆ. ಆದ್ದರಿಂದ ಪಶ್ಚಿಮ ಅಥವಾ ನೈಋತ್ಯದ ಗಟ್ಟಿನೆಲ ಉತ್ತಮ.

ಇಳಿಜಾರು 8 ಅಡಿಗೆ 1 ಅಡಿಯಷ್ಟಿದ್ದರೆ ಹೊರೆ ಹೊತ್ತವರಿಗೂ ಕಾಲು ಜಾರದು. ಇಲ್ಲೊಂದು ಲೆಕ್ಕವನ್ನು ಗಮನಿಸಬೇಕು: ವರ್ಷದಲ್ಲಿ ನೀರು 3 ಮೀಟರ್ ಇಳಿಯುವ ಕೆರೆಯಲ್ಲಿ ಈ ದಾರಿ 24 ಮೀಟರ್ ಚಾಚಬೇಕಾಗುತ್ತದೆ. ತುಂಬಿದ ಮಟ್ಟಕ್ಕೆ ಮಾತ್ರ ಕಟ್ಟಿದ ಸಿಮೆಂಟ್ ಮೆಟ್ಟಿಲುಗಳು ಮಾರ್ಚ್ ವೇಳೆಗೆ ಕೆಸರಿನ ಮೇಲೆ ನಿಂತಿರುವುದು ಈ ಲೆಕ್ಕ ತಪ್ಪಿದುದರಿಂದಲೇ. ಹೀಗಾಗಿ ಸ್ವಾಭಾವಿಕವಾಗಿಯೇ ಇಳಿಜಾರಾಗಿರುವ ದಡವನ್ನು ಆರಿಸಿದರೆ ಅಗೆತವೂ ಖರ್ಚೂ ಉಳಿಯುತ್ತವೆ.

ಅಗಲ 3 ಮೀಟರ್ ಸಾಕು. ಕೆಸರಿರುವೆಡೆ ಹೊಳೆಯ ನುಣುಪು ಗರಸನ್ನು ಹಾಸಬೇಕು. ಜಲ್ಲಿಕಲ್ಲು ಬೇಡ, ಅದರ ಚೂಪು ಅಂಚು ತೆಪ್ಪದ ತಳದ ಹೊದಿಕೆಯನ್ನು ಹರಿಯುತ್ತದೆ.

ದಾರಿಯ ಇಕ್ಕೆಲಗಳಲ್ಲಿ, ತುಂಬಿದ ಮಟ್ಟದಿಂದ ಮೇಲಕ್ಕೆ, ಲಾವಂಚದ ಸಸಿಗಳನ್ನು 10ರಿಂದ 15 ಸೆಂ.ಮೀ. ಅಂತರದಲ್ಲಿ ಇಳಿಜಾರಿಗೆ ಅಡ್ಡಲಾಗಿ ಸಾಲುಗಳಲ್ಲಿ ನೆಡಬೇಕು. ಜೂನ್–ಜುಲೈ ಸೂಕ್ತ ಕಾಲ. ಇದರ ಬೇರು ನೇರವಾಗಿ ಆಳಕ್ಕಿಳಿದು ಮಣ್ಣನ್ನು ಹಿಡಿದಿಡುತ್ತದೆ. ಕೆಲವು ದಿನ ನೀರು ನಿಂತರೂ ಸಾಯದು. ನಡೆಯುವ ಪಟ್ಟಿಯಲ್ಲಿ ಗರಿಕೆಯೇ ಸಾಕು. ಕಳೆನಾಶಕ ಸಿಂಪಡಿಸಬಾರದು, ಅದು ಮೀನಿಗೆ ಹಾನಿಕರ. ದಡದ ಉಳಿದ ಆಪನ್ನು ಕಡಿಯದೆ ಬಿಡಬೇಕು. ಅಲೆಯ ಹೊಡೆತವನ್ನು ತಡೆಯುವುದು ಅದೇ.

ಕೆಲಸ ಆರಂಭಿಸುವ ಮುನ್ನ ಕೆರೆಯ ಒಡೆತನವಿರುವ ಗ್ರಾಮ ಪಂಚಾಯಿತಿ ಅಥವಾ ಸಣ್ಣ ನೀರಾವರಿ ಇಲಾಖೆಯ ಲಿಖಿತ ಅನುಮತಿ ಪಡೆಯತಕ್ಕದ್ದು. ಮೊದಲ ಮಳೆಗಾಲ ಕಳೆದ ಬಳಿಕ ದಾರಿಯನ್ನು ಪರಿಶೀಲಿಸಿ, ಕೊರಕಲು ಬಿದ್ದಿದ್ದರೆ ಗರಸು ತುಂಬಿ, ಸತ್ತ ಸಸಿಗಳ ಜಾಗದಲ್ಲಿ ಹೊಸವನ್ನು ನೆಡಬೇಕು.