ಅಂಗೈಯಗಲದ ಎಂಜಿನ್ನಿಗೆ ಚಲನಶಕ್ತಿ

ಜರ್ಮನಿಯ ಹಳಿಗಳ ಮೇಲೆ 1926ರಿಂದ ಓಡತೊಡಗಿದ 01 ವರ್ಗದ ಉಗಿ ಎಂಜಿನ್ನು ಒಂದು ದೈತ್ಯ. ಅದರ ಚಾಲಕ ಗಾಲಿಗಳ ವ್ಯಾಸ 2 ಮೀಟರ್. ವೇಗ ಗಂಟೆಗೆ 120 ಕಿಲೋಮೀಟರ್, ಮುಂದೆ 130. ಟೆಂಡರೂ ಸೇರಿ ಸುಮಾರು 24 ಮೀಟರ್ ಉದ್ದದ ಈ ಯಂತ್ರವನ್ನು 160ರಲ್ಲಿ ಒಂದು ಪಾಲಿಗೆ ಇಳಿಸಿದರೆ ಅದು 15 ಸೆಂಟಿಮೀಟರಿನ ಮಾದರಿಯಾಗುತ್ತದೆ. ಹಳಿಗಳ ನಡುವಣ ಅಂತರ ಕೇವಲ 9 ಮಿಲಿಮೀಟರ್. ಇದಕ್ಕೆ ಹೊರರೂಪ ಕೊಡಲು ತಾಳ್ಮೆ ಸಾಕು. ಚಲನೆ ಕೊಡಲು ಲೆಕ್ಕವೂ ಬೇಕು.

ಬಾಯ್ಲರಿನೊಳಗೆ ಅಡಗುವ ಮೋಟಾರಿನ ದಪ್ಪ 10 ಮಿಲಿಮೀಟರಿಗೆ ಮೀರುವಂತಿಲ್ಲ. ಇಷ್ಟು ಚಿಕ್ಕ ಮೋಟಾರಿಗೆ ತಿರುಗಿಸುವ ಬಲ ಅತ್ಯಲ್ಪ. ವೇಗ ಮಾತ್ರ ಅಪಾರ. ಅದು ನಿಮಿಷಕ್ಕೆ 10,000 ಸುತ್ತು ತಿರುಗುವುದೆಂದು ಇಟ್ಟುಕೊಳ್ಳೋಣ. ಮಾದರಿಯ ಗಾಲಿಯ ವ್ಯಾಸ 12.5 ಮಿಲಿಮೀಟರ್, ಸುತ್ತಳತೆ ಸುಮಾರು 39 ಮಿಲಿಮೀಟರ್. ಮೋಟಾರನ್ನು ನೇರವಾಗಿ ಗಾಲಿಗೆ ಜೋಡಿಸಿ, ಅದು ಅದೇ ವೇಗದಲ್ಲಿ ತಿರುಗಿತೆಂದೇ ಭಾವಿಸಿದರೆ, ಮಾದರಿಯ ಪ್ರಮಾಣದಲ್ಲಿ ಆ ವೇಗ ಗಂಟೆಗೆ 3,700 ಕಿಲೋಮೀಟರಿಗೂ ಮಿಗಿಲು! ವಾಸ್ತವದಲ್ಲಿ ಬಲ ಸಾಲದೆ ಎಂಜಿನ್ನು ಅಲುಗಲಾರದು.

ಈ ತೊಡಕನ್ನು ಬಿಡಿಸುವುದು 'ವರ್ಮ್' ಎಂಬ ತಿರುಪು ಮತ್ತು ಅದಕ್ಕೆ ಹೊಂದುವ ಹಲ್ಲಿನ ಚಕ್ರ. ತಿರುಪು ಒಂದು ಸುತ್ತು ತಿರುಗಿದಾಗ ಚಕ್ರ ಒಂದೇ ಹಲ್ಲಿನಷ್ಟು ಸರಿಯುತ್ತದೆ. ಚಕ್ರಕ್ಕೆ 30 ಹಲ್ಲುಗಳಿದ್ದರೆ ಗಾಲಿ ನಿಮಿಷಕ್ಕೆ 333 ಸುತ್ತು ತಿರುಗುತ್ತದೆ. ಪ್ರಮಾಣದ ವೇಗ ಗಂಟೆಗೆ ಸುಮಾರು 125 ಕಿಲೋಮೀಟರಿಗೆ ಇಳಿಯುತ್ತದೆ. ವೇಗ ಇಳಿದಂತೆ ತಿರುಗಿಸುವ ಬಲ ಏರುತ್ತದೆ. ಘರ್ಷಣೆ ಅದರಲ್ಲಿ ಒಂದು ಪಾಲನ್ನು ನುಂಗಿದರೂ ಉಳಿದದ್ದು ಎಂಜಿನ್ನನ್ನು ಎಳೆಯಲು ಸಾಕು. ಉದ್ದಕ್ಕೆ ಮಲಗಿದ ಮೋಟಾರಿನ ಚಲನೆ ಅಡ್ಡವಾಗಿರುವ ಅಚ್ಚಿಗೆ ತಿರುಗುವುದೂ ಇದೇ ಏರ್ಪಾಡಿನಿಂದ.

ಜೋಡಣೆಯಲ್ಲಿಯೇ ನಿಜವಾದ ಪರೀಕ್ಷೆ. ಒಮ್ಮೆ ನಾವು ಆತುರಪಟ್ಟು ತಿರುಪನ್ನು ಚಕ್ರಕ್ಕೆ ಬಿಗಿಯಾಗಿ ಒತ್ತಿ ಕೂರಿಸಿದೆವು. ವಿದ್ಯುತ್ತು ಹರಿಯಿತು, ಮೋಟಾರು ಗುಂಯ್‌ಗುಟ್ಟಿತು, ಗಾಲಿ ಮಾತ್ರ ಕದಲಲಿಲ್ಲ. ಕ್ಷಣದಲ್ಲಿಯೇ ಸುಟ್ಟ ವಾಸನೆ. ಎರಡನೆಯ ಸಲ ಸಡಿಲಬಿಟ್ಟೆವು. ಹಲ್ಲುಗಳು ಜಾರಿ ಸವೆದವು. ಮೂರನೆಯ ಸಲ ತಿರುಪಿಗೂ ಚಕ್ರಕ್ಕೂ ನಡುವೆ ತೆಳುವಾದ ಕಾಗದದ ಪಟ್ಟಿಯನ್ನಿಟ್ಟು, ಮೋಟಾರನ್ನು ಬಿಗಿದು, ಬಳಿಕ ಕಾಗದವನ್ನು ಹೊರಗೆಳೆದೆವು. ಕಾಗದದ ದಪ್ಪದಷ್ಟೇ ತೆರಪು ಉಳಿಯಿತು. ಎಂಜಿನ್ನು ಸದ್ದಡಗಿ ಹೊರಟಿತು!

ಇನ್ನೆರಡು ಎಚ್ಚರಿಕೆಗಳು. ತಿರುಗುವಾಗ ತಿರುಪು ತನ್ನ ದಂಡವನ್ನು ಹಿಂದಕ್ಕೋ ಮುಂದಕ್ಕೋ ತಳ್ಳುತ್ತದೆ. ತುದಿಗಳಲ್ಲಿ ತೆಳುವಾದ ವಾಷರುಗಳನ್ನಿಟ್ಟು ಆ ಅಲುಗಾಟವನ್ನು ತಡೆಯಬೇಕು. ಅಲ್ಲದೆ, ಮೋಟಾರನ್ನು ಕೂರಿಸುವ ಮೊದಲೇ ಗಾಲಿಗಳ ಚೌಕಟ್ಟನ್ನು ಗಾಜಿನ ಮೇಲೆ ಬೆರಳಿನಿಂದ ಮೆಲ್ಲನೆ ತಳ್ಳಿ ನೋಡಬೇಕು. ಅಲ್ಲಿ ತಡೆ ಇದ್ದರೆ ಯಾವ ಮೋಟಾರೂ ಅದನ್ನು ನೀಗಲಾರದು.

ತೂಕದ ಲೆಕ್ಕವೂ ಸ್ವಾರಸ್ಯಕರ. ಉದ್ದ 160ರಲ್ಲಿ ಒಂದು ಪಾಲಾದರೆ, ಘನಗಾತ್ರ 40,96,000ದಲ್ಲಿ ಒಂದು ಪಾಲಾಗುತ್ತದೆ. ಟೆಂಡರಿಲ್ಲದೆ ಸುಮಾರು 109 ಟನ್ ತೂಗುವ ಎಂಜಿನ್ನು ಅದೇ ಪ್ರಮಾಣದಲ್ಲಿ ಇಳಿದರೆ ಸುಮಾರು 27 ಗ್ರಾಂ ಮಾತ್ರ! ಇಷ್ಟು ಹಗುರವಾದರೆ ಗಾಲಿಗಳು ಹಳಿಯನ್ನು ಕಚ್ಚದೆ ಜಾರುತ್ತವೆ. ಆದುದರಿಂದಲೇ ಉಳಿದ ಎಡೆಯಲ್ಲೆಲ್ಲ ಸೀಸವನ್ನು ತುಂಬುವರು.

ಆಟಿಕೆ ಥಟ್ಟನೆ ಹಾರಿ ಓಡುತ್ತದೆ. ಒಳ್ಳೆಯ ಮಾದರಿ ದೈತ್ಯನಂತೆಯೇ ಮೆಲ್ಲನೆ ಹೊರಡುತ್ತದೆ. ಇವೆರಡರ ಅಂತರ ಒಂದು ಕಾಗದದ ದಪ್ಪದಷ್ಟು ಮಾತ್ರ.