‘ನೋಡ್ಕೊಳ್ಳೋಕೆ ನಾವಿದ್ದೀವಲ್ಲ’ ಎಂದವರ ಮನೆಗೇ ಬಂದರು!

‘ನಿನಗ್ಯಾಕೆ ಅದೆಲ್ಲ? ನೋಡ್ಕೊಳ್ಳೋಕೆ ನಾನಿದ್ದೀನಲ್ಲ!’ ಈ ಮಾತನ್ನು ಒಂದಲ್ಲ ಒಂದು ಸಲ ನೀವೂ ಕೇಳಿರುತ್ತೀರಿ. ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಹೆಂಗಸರು ಓಟು ಕೇಳಿದಾಗಲೂ ಸಿಗುತ್ತಿದ್ದ ಉತ್ತರಗಳಲ್ಲಿ ಇದೂ ಒಂದು. ಆ ಮಾತಿಗೆ ನಗುನಗುತ್ತಲೇ ಮಂಗಳಾರತಿ ಎತ್ತಿದವರು ಯಾರು ಗೊತ್ತೇ? ನಾಟಕದ ನಟಿಯರು ಮತ್ತು ಲೇಖಕಿಯರು!

ಇವರೇ ಯಾಕೆ ಅಂತೀರಾ? ನಾಟಕ ನಿಂತರೆ ನಟಿಯ ಸಂಬಳವೂ ನಿಂತಿತು. ಬರೆದದ್ದು ಮಾರಾಟವಾದರೇನೇ ಲೇಖಕಿಯ ಮನೆ ಬಾಡಿಗೆ. ‘ನೋಡಿಕೊಳ್ಳುವ ಗಂಡಸು’ ಎಲ್ಲರ ಪಾಲಿಗೂ ಇರುವುದಿಲ್ಲ ಎಂಬುದು ಇವರಿಗೆ ಚೆನ್ನಾಗಿ ಗೊತ್ತಿತ್ತು.

1907ರಲ್ಲಿ ನಟಿ, ಲೇಖಕಿ ಎಲಿಜಬೆತ್ ರಾಬಿನ್ಸ್ ಬರೆದ ‘ವೋಟ್ಸ್ ಫಾರ್ ವಿಮೆನ್’ ನಾಟಕ ಲಂಡನ್ನಿನಲ್ಲಿ ರಂಗಕ್ಕೆ ಬಂತು. ಮರುವರ್ಷ ಸಿಸಿಲಿ ಹ್ಯಾಮಿಲ್ಟನ್ ಮತ್ತು ಬೆಸ್ಸಿ ಹ್ಯಾಟನ್ ಲೇಖಕಿಯರ ಮತದಾನ ಸಂಘ ಕಟ್ಟಿದರು. ಅದೇ ವರ್ಷ ನಟಿಯರೂ ತಮ್ಮದೇ ಸಂಘ ಮಾಡಿಕೊಂಡರು. ಇವರು ಬರೆದರು, ಅವರು ಆಡಿದರು!

1909ರಲ್ಲಿ ಹ್ಯಾಮಿಲ್ಟನ್ ತಮ್ಮ ಗೆಳತಿಯೊಂದಿಗೆ ಬರೆದ ‘ಹೌ ದ ವೋಟ್ ವಾಸ್ ವನ್’ ಪ್ರಹಸನದ ಕಥೆ ಕೇಳಿ. ಹೆಂಗಸರನ್ನು ಸಾಕಲು ಗಂಡಸರಿದ್ದಾರೆ, ಓಟು ಬೇಡ ಎನ್ನುತ್ತದೆ ಸರ್ಕಾರ. ‘ಸರಿ, ಸಾಕಿ’ ಎಂದು ಎಲ್ಲ ಹೆಂಗಸರೂ ಕೆಲಸ ಬಿಡುತ್ತಾರೆ. ಒಬ್ಬ ಬಡ ಗುಮಾಸ್ತನ ಮನೆಯಲ್ಲಿ ಮೊದಲು ಕೆಲಸದವಳು ಹೊರಡುತ್ತಾಳೆ. ಆಮೇಲೆ ಅಕ್ಕ, ಅಣ್ಣನ ಮಗಳು, ದೂರದ ನಂಟರು, ಅತ್ತೆ ಎಲ್ಲರೂ ಗಂಟುಮೂಟೆ ಸಮೇತ ಹಾಜರ್! ಆತ ಮೊದಲು ರೇಗುತ್ತಾನೆ, ಆಮೇಲೆ ಬೆವರುತ್ತಾನೆ. ಕೊನೆಗೆ ‘ಹೆಂಗಸರಿಗೆ ಓಟು ಕೊಡಿ’ ಎಂದು ಪಾರ್ಲಿಮೆಂಟಿನತ್ತ ಓಡುತ್ತಾನೆ!

ಅದೇ ವರ್ಷ ಹ್ಯಾಮಿಲ್ಟನ್ ಬರೆದ ಇನ್ನೊಂದು ನಾಟಕದಲ್ಲಿ ಚರಿತ್ರೆಯ ಮಹಾ ಸ್ತ್ರೀಯರು ಸಾಲಾಗಿ ರಂಗಕ್ಕೆ ಬರುತ್ತಾರೆ. ಆ ಸಾಲಿನಲ್ಲಿ ಬ್ರಿಟಿಷರ ವಿರುದ್ಧವೇ ಕತ್ತಿ ಹಿಡಿದ ನಮ್ಮ ಝಾನ್ಸಿ ರಾಣಿಯೂ ಇದ್ದಳು!

ಬರೀ ನಾಟಕದಿಂದಲೇ ಓಟು ಸಿಗಲಿಲ್ಲ ನಿಜ. ಎಷ್ಟೋ ಹೆಣ್ಣುಮಕ್ಕಳು ಜೈಲು, ಉಪವಾಸ ಎಲ್ಲ ಕಂಡರು. ಆದರೆ ಭಾಷಣ ಕೇಳಲು ಬಾರದವರನ್ನೂ ನಾಟಕ ಕರೆತಂದಿತು. 1918ರಲ್ಲಿ ಮೂವತ್ತು ದಾಟಿದ, ಆಸ್ತಿಯ ಷರತ್ತು ಪೂರೈಸಿದ ಹೆಂಗಸರಿಗೆ ಓಟು ಬಂತು. ಗಂಡಸರಷ್ಟೇ ಸಮಾನ ಹಕ್ಕು ಸಿಕ್ಕಿದ್ದು 1928ರಲ್ಲಿ.

ನಮ್ಮಲ್ಲೂ ಅಷ್ಟೇ. 1917ರಲ್ಲಿ ಮದ್ರಾಸಿನಲ್ಲಿ ಬ್ರಿಟಿಷ್ ಮಂತ್ರಿ ಮಾಂಟೆಗು ಅವರ ಮುಂದೆ ಓಟು ಕೇಳಿದ ಮಹಿಳಾ ನಿಯೋಗದ ಮುಂದಾಳು ಕವಯಿತ್ರಿ ಸರೋಜಿನಿ ನಾಯ್ಡು. ಇದರ ಹಿಂದೆ ಓಡಾಡಿದವರು ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್. ಓಟಿಗಾಗಿ ಲಂಡನ್ನಿನ ಜೈಲು ಕಂಡು ಬಂದಾಕೆ! 1926ರಲ್ಲಿ ಅವರ ಒತ್ತಾಯಕ್ಕೆ ಮದ್ರಾಸ್ ಶಾಸನಸಭೆಗೆ ನಿಂತವರು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಸೋತದ್ದು ಕೆಲವೇ ಓಟುಗಳಿಂದ. ಅವರೂ ಲೇಖಕಿ, ಜೊತೆಗೆ ನಟಿ. 1931ರ ಮೂಕಿಚಿತ್ರ ‘ಮೃಚ್ಛಕಟಿಕ’ದಲ್ಲಿ ನಟಿಸಿದ್ದರು.

ಇಷ್ಟೆಲ್ಲ ಆಗಿಯೂ 1951-52ರ ನಮ್ಮ ಮೊದಲ ಮಹಾಚುನಾವಣೆಯಲ್ಲಿ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದಲೇ ಬಿಟ್ಟುಹೋದರು. ಕಾರಣ? ತಮ್ಮ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದಷ್ಟೇ ಬರೆಸಿದ್ದರು! ನಮಗೆ ಹಾಗಾಗಬಾರದು ಅಲ್ಲವೇ?

ನೀವೇನು ಮಾಡಬಹುದು?

* ಮದುವೆಯಾಗಿ ಬಂದವರು, ಮನೆ ಬದಲಿಸಿದವರು ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ನೋಡಿಕೊಳ್ಳಿ. ಹೊಸದಾಗಿ ಸೇರಿಸಲು ನಮೂನೆ 6, ವಿಳಾಸ ಬದಲಾವಣೆ ಅಥವಾ ತಿದ್ದುಪಡಿಗೆ ನಮೂನೆ 8.

* ಯಾರಿಗೆ ಓಟು ಎಂಬುದನ್ನು ಮನೆಯಲ್ಲಿ ಧಾರಾಳವಾಗಿ ಚರ್ಚಿಸಿ. ಆದರೆ ನಿರ್ಧಾರ ನಿಮ್ಮದೇ ಇರಲಿ. ಒತ್ತಿದ ಗುಂಡಿ ಯಾವುದೆಂದು ಯಾರಿಗೂ ಹೇಳಬೇಕಿಲ್ಲ.

* ಮಹಿಳಾ ಸಮಾಜದಲ್ಲಿ ಈ ಸಲ ಮ್ಯೂಸಿಕಲ್ ಚೇರ್ ಜೊತೆಗೆ ಇಪ್ಪತ್ತು ನಿಮಿಷದ ನಗೆನಾಟಕವನ್ನೂ ಆಡಿ. ಬೀದಿಗೆ ನೀರು ಬಾರದ್ದು, ದೀಪ ಉರಿಯದ್ದು... ವಸ್ತುವಿಗೇನು ಬರ? ಮುಂದಿನ ಸಾಲಿನಲ್ಲಿ ನಿಮ್ಮ ಜನಪ್ರತಿನಿಧಿಯನ್ನೇ ಕೂರಿಸಿ. ಮನವಿಪತ್ರ ಓದದವರೂ ನಾಟಕ ನೋಡುತ್ತಾರೆ!