ಕೆಲಸ ಇಷ್ಟ ಸಾರ್, ಆದರೆ...

ಕಳೆದ ದಸರಾ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ಖಾಸಗಿ ಆಸ್ಪತ್ರೆಯೊಂದನ್ನು ಸೇರಿ ಏಳು ತಿಂಗಳಾಗಿತ್ತು. ‘ಕೆಲಸ ಹೇಗಿದೆಯಮ್ಮ?’ ಎಂದೆ. ‘ಕೆಲಸ ಇಷ್ಟ ಸಾರ್. ಆದರೆ ಬಿಟ್ಟುಬಿಡೋಣ ಅನ್ನಿಸುತ್ತೆ’ ಎಂದಳು.

ರಾತ್ರಿ ಪಾಳಿಯಲ್ಲಿ ಹದಿನಾರು ರೋಗಿಗಳಿಗೆ ಅವಳೊಬ್ಬಳೇ. ಒಂದು ರಾತ್ರಿ ವಯಸ್ಸಾದ ರೋಗಿಯೊಬ್ಬರು ನೀರು ಕೇಳಿದರಂತೆ. ‘ಬಂದೆ ಅಜ್ಜ’ ಎಂದು ಹೋದವಳು ಮರಳಿ ಬರುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ‘ಅವರು ಬೈಯಲಿಲ್ಲ ಸಾರ್, ಅದೇ ಸಂಕಟ’ ಎಂದಳು.

ಇಷ್ಟವಾದ ಕೆಲಸವನ್ನು ಬಿಡಬೇಕೆನ್ನಿಸುವುದು ಹೇಗೆ? ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು 1959ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಸೂಚಿಸುತ್ತದೆ. ಸುಮಾರು 200 ಎಂಜಿನಿಯರುಗಳನ್ನೂ ಲೆಕ್ಕಪತ್ರ ನೌಕರರನ್ನೂ ಮಾತಾಡಿಸಿದ ಅವರು, ತೃಪ್ತಿಯ ಕಾರಣಗಳೇ ಬೇರೆ, ಅತೃಪ್ತಿಯ ಕಾರಣಗಳೇ ಬೇರೆ ಎಂದು ಕಂಡುಕೊಂಡರು. ಸಾಧಿಸಿದ ಭಾವ, ಮನ್ನಣೆ, ಹೊಣೆಗಾರಿಕೆ ಇವು ತೃಪ್ತಿ ಕೊಡುತ್ತವೆ. ಸಂಬಳ, ಮೇಲಧಿಕಾರಿಯ ನಡವಳಿಕೆ, ಕೆಲಸದ ಪರಿಸ್ಥಿತಿ ಇವು ಕೆಟ್ಟಿದ್ದರೆ ಅತೃಪ್ತಿ ಹುಟ್ಟುತ್ತದೆ. ಎರಡೂ ಒಬ್ಬರಲ್ಲೇ ಇರಬಹುದು. ಅವಳ ಎರಡು ಮಾತೂ ನಿಜವೇ.

ತರಗತಿ ಬೇರೆ, ವಾರ್ಡು ಬೇರೆ

ಹೊಸ ದಾದಿಯರ ಈ ತಳಮಳಕ್ಕೆ ಮಾರ್ಲೀನ್ ಕ್ರೇಮರ್ 1974ರಲ್ಲೇ ‘ರಿಯಾಲಿಟಿ ಶಾಕ್’ ಎಂದು ಹೆಸರಿಟ್ಟರು. ಕಾಲೇಜಿನಲ್ಲಿ ಒಬ್ಬ ರೋಗಿಯನ್ನು ಸಂಪೂರ್ಣವಾಗಿ ನೋಡಿಕೊಳ್ಳಲು ಕಲಿಸುತ್ತಾರೆ. ವಾರ್ಡಿನಲ್ಲಿ ಎಲ್ಲರನ್ನೂ ಅರೆಬರೆ ನೋಡಿಕೊಳ್ಳಬೇಕಾಗುತ್ತದೆ. ಸಾಮಾನ್ಯ ವಾರ್ಡಿನಲ್ಲಿ ಬೋಧನಾ ಆಸ್ಪತ್ರೆಯಾದರೆ ಮೂವರು ರೋಗಿಗಳಿಗೆ, ಉಳಿದೆಡೆ ಐವರಿಗೆ ಒಬ್ಬ ದಾದಿ ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಹದಿನಾರು ಎಲ್ಲಿ, ಐದು ಎಲ್ಲಿ?

ಇದರ ಮೇಲೆ ನಿದ್ದೆಗೇಡು. ನಮ್ಮ ದೇಹದೊಳಗೊಂದು ಗಡಿಯಾರವಿದೆ. ಅದರ ಜೀನುಗಳ ಮರ್ಮ ಬಿಡಿಸಿದವರಿಗೆ 2017ರ ನೊಬೆಲ್ ಸಂದಿತು. ಕತ್ತಲಾದರೆ ಮೆಲಟೋನಿನ್ ಏರುತ್ತದೆ, ಬೆಳಗಿನ ಜಾವ ದೇಹದ ಉಷ್ಣತೆ ಕುಸಿಯುತ್ತದೆ, ಎಚ್ಚರ ಮಂಕಾಗುತ್ತದೆ. ಆ ಹೊತ್ತಿನಲ್ಲೇ ಔಷಧದ ಪ್ರಮಾಣ ಲೆಕ್ಕ ಹಾಕಬೇಕು. ವಾರಕ್ಕೊಮ್ಮೆ ಪಾಳಿ ಬದಲಾದರಂತೂ ಗಡಿಯಾರ ಯಾವುದಕ್ಕೂ ಹೊಂದಿಕೊಳ್ಳದು.

ಸಂಬಳದ ಮಾತೂ ಸಣ್ಣದಲ್ಲ. 2016ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯಂತೆ ರಚನೆಯಾದ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ದಾದಿಯರಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದೆಂದೂ, 200ಕ್ಕೂ ಹೆಚ್ಚು ಹಾಸಿಗೆಯಿದ್ದರೆ ಸರ್ಕಾರಿ ದಾದಿಯರಿಗೆ ಸಮನಾಗಿರಬೇಕೆಂದೂ ಶಿಫಾರಸು ಮಾಡಿತು. ಶಿಫಾರಸು ಕಾಗದದಿಂದ ಕೈಗೆ ಬರುವುದು ಬೇರೆ ಮಾತು.

ಹೀಗೆ ನಿಭಾಯಿಸಲಾಗದ ಒತ್ತಡ ದೀರ್ಘಕಾಲ ಮುಂದುವರಿದರೆ ಉಂಟಾಗುವ ಬಳಲಿಕೆ, ಕೆಲಸದ ಬಗ್ಗೆ ತಾತ್ಸಾರ, ಕಾರ್ಯಕ್ಷಮತೆಯ ಕುಸಿತ ಈ ಮೂರನ್ನೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’ ಎಂದು ವ್ಯಾಖ್ಯಾನಿಸಿತು. ಅದನ್ನು ಕಾಯಿಲೆ ಎನ್ನದೆ ವೃತ್ತಿಗೆ ಸಂಬಂಧಿಸಿದ ವಿದ್ಯಮಾನ ಎಂದಿರುವುದು ಗಮನಾರ್ಹ. ಅಂದರೆ ದೋಷವನ್ನು ಹುಡುಗಿಯಲ್ಲಿ ಮಾತ್ರ ಹುಡುಕಿದರೆ ಸಾಲದು, ಕೆಲಸದ ಜಾಗದಲ್ಲೂ ಹುಡುಕಬೇಕು.

ಕೇಳಬೇಕಾದ ಪ್ರಶ್ನೆಗಳು

ನರ್ಸಿಂಗ್ ಒಳ್ಳೆಯ ವೃತ್ತಿ. ಬೇಡ ಎಂದು ಹೇಳಲು ನಾನು ಈ ಲೇಖನ ಬರೆಯುತ್ತಿಲ್ಲ. ಕಾಲೇಜು ಸೇರುವ ಮುನ್ನ ಅದಕ್ಕೆ ಸ್ವಂತ ಆಸ್ಪತ್ರೆ ಇದೆಯೇ, ಅಲ್ಲಿ ನಿಜವಾಗಿ ರೋಗಿಗಳಿದ್ದಾರೆಯೇ ಎಂದು ಹೋಗಿ ನೋಡಿ. ಕೆಲಸ ಸೇರುವ ಮುನ್ನ ಕೇಳಿ: ರಾತ್ರಿ ಒಬ್ಬರಿಗೆ ಎಷ್ಟು ರೋಗಿಗಳು? ಮೊದಲ ತಿಂಗಳುಗಳಲ್ಲಿ ಜೊತೆಗೆ ಹಿರಿಯ ಸಿಸ್ಟರ್ ಇರುತ್ತಾರೆಯೇ? ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತಾರೆಯೇ?

ಪಾಲಕರಿಗೆ ಒಂದು ಮಾತು. ಮಗಳು ಫೋನಿನಲ್ಲಿ ಅತ್ತರೆ ‘ಸ್ವಲ್ಪ ದಿನ ಸಹಿಸಿಕೋ’ ಎಂದು ಬಾಯಿ ಮುಚ್ಚಿಸಬೇಡಿ. ಏನಾಯಿತೆಂದು ಪೂರ್ತಿ ಕೇಳಿ.

ನನ್ನ ವಿದ್ಯಾರ್ಥಿನಿ ಆ ಆಸ್ಪತ್ರೆ ಬಿಟ್ಟಳು, ವೃತ್ತಿ ಬಿಡಲಿಲ್ಲ. ಅಂಕಪಟ್ಟಿ ವಾಪಸು ಪಡೆಯಲು ಎರಡು ತಿಂಗಳು ಅಲೆದಳು. ಯುಗಾದಿಯಂದು ಫೋನ್ ಮಾಡಿದ್ದಳು. ಹೊಸ ಕಡೆ ಸಂಬಳ ತುಸು ಕಡಿಮೆಯೇ. ‘ಆದರೆ ರಾತ್ರಿ ಇಬ್ಬರಿರ್ತೀವಿ ಸಾರ್. ನೀರು ಕೇಳಿದವರಿಗೆ ಕೊಟ್ಟೇ ಮುಂದೆ ಹೋಗ್ತೀನಿ’ ಎಂದಳು.